ಘೋಳ್ ಅಂದರೆ ನಮ್ಮ ಗೋಣಿ ಸೊಪ್ಪೇ: ಕಿತ್ತೆಸೆಯಬೇಡಿ

ಪುಣೆ, ಮುಂಬೈ ಕಡೆ ಭಾಜಿಯವರು ಘೋಳ್ ಎಂದು ಮಾರುವುದು ನಮ್ಮ ಗೋಣಿ ಸೊಪ್ಪನ್ನೇ. ಕುಂಡದಲ್ಲಿ ತಾನಾಗಿ ಎದ್ದರೆ ಕಳೆ ಅಂತ ಕೀಳಬೇಡಿ. ಸೊಪ್ಪುಗಳಲ್ಲಿ ಅಪರೂಪವೆನಿಸುವಷ್ಟು ಒಮೆಗಾ-3 (ದೇಹಕ್ಕೆ ಬೇಕಾದ ಒಳ್ಳೆಯ ಕೊಬ್ಬು) ಇದರಲ್ಲಿದೆ: 100 ಗ್ರಾಂ ಹಸಿ ಎಲೆಗೆ ಸುಮಾರು 300–400 ಮಿಲಿಗ್ರಾಂ. ಮೀನಿನ ಒಮೆಗಾ-3ಕ್ಕೆ ಪೂರ್ತಿ ಸಮವಲ್ಲ, ಆದರೂ ಸಸ್ಯಾಹಾರಿಗಳಿಗೆ ಬಹಳ ಉಪಯೋಗ. ಮೆಗ್ನೀಸಿಯಂ, ಪೊಟ್ಯಾಸಿಯಂ ಕೂಡ ಚೆನ್ನಾಗಿವೆ.

ತಾವೇ ಕೀಳುವವರು ಮೊದಲು ಕಾಂಡ ಮುರಿದು ನೋಡಿ. ನೀರಿನಂಥ ರಸ ಬರಬೇಕು. ಬಿಳಿ ಹಾಲು ಬಂದರೆ ಅದು ನೆಲಕ್ಕೇ ಹಬ್ಬುವ ಬೇರೆ ಗಿಡ, ವಿಷಕಾರಿ. ಗೋಣಿಯ ಎಲೆ ದಪ್ಪ, ನುಣುಪು. ಕಾಂಡ ಕೆಂಪು, ರೋಮವಿಲ್ಲ. ರೈಲು ಹಳಿ, ಚರಂಡಿಯ ಅಂಚಿನದು ಖಂಡಿತ ಬೇಡ, ಕೊಳಚೆಯಲ್ಲಿರುವ ಸೀಸ ಎಲೆಗೂ ಸೇರುತ್ತದೆ.

ಇದರಲ್ಲಿ ಆಕ್ಸಲೇಟ್ (ಕಿಡ್ನಿ ಕಲ್ಲಿಗೆ ಕಾರಣವಾಗಬಲ್ಲ ಅಂಶ) ಜಾಸ್ತಿ. ಕುದಿಯುವ ನೀರಿಗೆ ಹಾಕಿ 2–3 ನಿಮಿಷ ಬಿಟ್ಟು ಬಸಿಯಿರಿ. ಆ ನೀರನ್ನು ಬಸ್ಸಾರಿಗೆ ಬಳಸದೆ ಚೆಲ್ಲಿ. ಮೊಸರು ಸೇರಿಸಿ ಸಾಸಿವೆ ಮಾಡಿದರೆ ಇನ್ನೂ ಒಳ್ಳೆಯದು, ಮೊಸರಿನ ಕ್ಯಾಲ್ಸಿಯಂ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದಿಡುತ್ತದೆ. ಕಿಡ್ನಿ ಕಲ್ಲು ಆದವರು ತಿನ್ನದಿರುವುದೇ ಕ್ಷೇಮ. ಬೇಳೆಗೆ ಹಾಕುವುದಾದರೆ ಬೇಳೆ ಬೆಂದ ಮೇಲೆ ಕೊನೆಗೆ ಹಾಕಿ, ಹೆಚ್ಚು ಬೆಂದರೆ ಲೋಳೆಯಾಗುತ್ತದೆ. ಸೊಪ್ಪೇ ಹುಳಿ, ಹುಣಸೆ ಅರ್ಧ ಸಾಕು.