ದುಬಾರಿ ಶುಗರ್ ಮಾತ್ರೆ: ಖರ್ಚು ಇಳಿಸುವ ಮುನ್ನ ಸ್ಟ್ರಿಪ್ಪಿನ ಬೆನ್ನು ಓದಿ

ಶುಗರ್ ಮಾತ್ರೆಯ ಖರ್ಚು ತಗ್ಗಿಸಲು ಹೊರಟವರು ಎಡವುವುದು ಬೆಲೆ ಹುಡುಕುವಾಗ ಅಲ್ಲ, ಔಷಧ ಹೊಂದಿಸುವಾಗ. ಬ್ರಾಂಡ್ ಹೆಸರು ಹಿಡಿದು ‘ಇದರಲ್ಲೇ ಅಗ್ಗದ್ದು ಕೊಡಿ’ ಎಂದು ಕೇಳುತ್ತಾರೆ. ಕೈಗೆ ಬಂದದ್ದರಲ್ಲಿ ಔಷಧ ಅದೇ, ಪ್ರಮಾಣ ಬೇರೆ. ಇಲ್ಲವೇ ಪ್ರಮಾಣ ಅದೇ, ಮಾತ್ರೆ ಕರಗುವ ಬಗೆ ಬೇರೆ. ಕೆಲವು ಮನೆಗಳಲ್ಲಂತೂ ಹಳೆಯ ಬ್ರಾಂಡೂ ಹೊಸ ಬ್ರಾಂಡೂ ಜೊತೆಜೊತೆಗೇ ನಡೆಯುತ್ತಿರುತ್ತವೆ. ಎರಡು ಹೆಸರು, ಎರಡು ಬಣ್ಣ, ಒಳಗೆ ಮಾತ್ರ ಒಂದೇ ಔಷಧ, ಗ್ಲಿಮೆಪಿರೈಡ್. ಆಮೇಲೆ ಶುಗರ್ ತೀರಾ ಇಳಿದು ನಡುರಾತ್ರಿ ಮೈಯೆಲ್ಲ ಬೆವರು, ಕೈಕಾಲು ನಡುಕ.

ಹೆಜ್ಜೆ 1: ಎಲ್ಲವನ್ನೂ ಹರಡಿ

ಈಗ ನುಂಗುತ್ತಿರುವ ಅಷ್ಟೂ ಸ್ಟ್ರಿಪ್ಪುಗಳನ್ನು ಮೇಜಿನ ಮೇಲಿಡಿ. ಬಿ.ಪಿ. ಮಾತ್ರೆ, ಕೊಲೆಸ್ಟರಾಲ್ ಮಾತ್ರೆಯೂ ಇರಲಿ. ಮಾತ್ರೆ ಕತ್ತರಿಸಿಕೊಳ್ಳುವಾಗ ಹೆಸರು, ಅವಧಿ ಅಚ್ಚಾಗಿರುವ ತುದಿಯನ್ನು ಕೊನೆಯವರೆಗೂ ಉಳಿಸಿಕೊಳ್ಳಿ. ಅದನ್ನೇ ಮೊದಲು ಕತ್ತರಿಸಿ ಎಸೆದರೆ ಉಳಿಯುವುದು ಬರೀ ಬೆಳ್ಳಿ ಹಾಳೆ.

ಹೆಜ್ಜೆ 2: ನಾಲ್ಕು ಸಂಗತಿ ಬರೆದುಕೊಳ್ಳಿ

ಕಷ್ಟದ ಘಟ್ಟ ಇದೇ. ಅವಸರ ಬೇಡ, ಬೇಕಾದರೆ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ.

ಮೊದಲು ಔಷಧದ ಹೆಸರು. ದಪ್ಪ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ನಮಗೆ ಬೇಕಾದದ್ದು ಅದರ ಕೆಳಗಿನ ಸಣ್ಣ ಅಕ್ಷರದ್ದು: ಮೆಟ್‌ಫಾರ್ಮಿನ್, ಸಿಟಾಗ್ಲಿಪ್ಟಿನ್, ಡಪಾಗ್ಲಿಫ್ಲೋಜಿನ್, ಹೀಗೆ. ಗ್ಲಿಮೆಪಿರೈಡ್, ಗ್ಲಿಪಿಜೈಡ್, ಗ್ಲಿಕ್ಲಜೈಡ್ ಮೂರೂ ಕಿವಿಗೆ ಒಂದೇ ಥರ ಕೇಳಿಸುತ್ತವೆ, ಆದರೆ ಮೂರೂ ಬೇರೆ ಬೇರೆ. ಬಾಯಲ್ಲಿ ಹೇಳಬೇಡಿ, ಬರೆದದ್ದನ್ನು ತೋರಿಸಿ.

ಎರಡನೆಯದು ಪ್ರಮಾಣ. ಇಲ್ಲೊಂದು ತೊಡಕಿದೆ. ಒಂದು ಸ್ಟ್ರಿಪ್ಪಿನ ಮೇಲೆ ಸಿಟಾಗ್ಲಿಪ್ಟಿನ್ ಫಾಸ್ಫೇಟ್ ಮಾನೋಹೈಡ್ರೇಟ್ 128.5 ಮಿ.ಗ್ರಾಂ ಎಂದಿರಬಹುದು, ಇನ್ನೊಂದರ ಮೇಲೆ ಸಿಟಾಗ್ಲಿಪ್ಟಿನ್ 100 ಮಿ.ಗ್ರಾಂ. ಎರಡೂ ಒಂದೇ. ಮೊದಲನೆಯದು ಲವಣದ ತೂಕವನ್ನೂ ಸೇರಿಸಿ ಬರೆದದ್ದು. ಪಕ್ಕದಲ್ಲೇ ‘ಇಷ್ಟು ಸಿಟಾಗ್ಲಿಪ್ಟಿನ್‌ಗೆ ಸಮ’ ಎಂಬ ಅರ್ಥದ ಮಾತು ಇರುತ್ತದೆ. ಆ ‘ಸಮ’ದ ಮುಂದಿನ ಅಂಕಿಯನ್ನೇ ಹೋಲಿಸಿ.

ಮೂರನೆಯದು ಮಾತ್ರೆ ಕರಗುವ ಬಗೆ. ಎಸ್‌ಆರ್, ಇಆರ್, ಎಕ್ಸ್‌ಆರ್, ಪಿಆರ್, ಎಂಆರ್ ಎಂಬ ಎರಡಕ್ಷರಗಳಿದ್ದರೆ ಔಷಧ ಗಂಟೆಗಟ್ಟಲೆ ನಿಧಾನವಾಗಿ ಬಿಡುಗಡೆಯಾಗುತ್ತದೆ ಎಂದರ್ಥ. ಅತಿ ಹೆಚ್ಚು ಜನ ತಪ್ಪುವುದು ಇಲ್ಲಿಯೇ. ಸಾದಾ ಮೆಟ್‌ಫಾರ್ಮಿನ್ ಅಗ್ಗವೆಂದು ತಂದು, ಎಕ್ಸ್‌ಆರ್ ಮಾತ್ರೆಯ ಹಾಗೆ ರಾತ್ರಿ ಊಟಕ್ಕೆ 1000 ಮಿ.ಗ್ರಾಂ ಒಮ್ಮೆಗೇ ನುಂಗುತ್ತಾರೆ. ಹೊಟ್ಟೆ ಕೆಡುತ್ತದೆ, ‘ಅಗ್ಗದ ಮಾತ್ರೆಯೇ ಸರಿಯಿಲ್ಲ’ ಎಂಬ ತೀರ್ಪು ಬೀಳುತ್ತದೆ. ತಪ್ಪು ಮಾತ್ರೆಯದಲ್ಲ; ಸಾದಾ ಮೆಟ್‌ಫಾರ್ಮಿನ್ ದಿನಕ್ಕೆ ಎರಡೋ ಮೂರೋ ಬಾರಿ ಊಟದ ಜೊತೆ ಹಂಚಿ ತೆಗೆದುಕೊಳ್ಳುವಂಥದ್ದು. ಗ್ಲಿಕ್ಲಜೈಡ್‌ನಲ್ಲಿ ಅಂಕಿಯೇ ದಾರಿ ತಪ್ಪಿಸುತ್ತದೆ: ಸಾದಾ 80 ಮಿ.ಗ್ರಾಂ ಮಾತ್ರೆಗೆ ಹೆಚ್ಚುಕಡಿಮೆ ಸಮನಾದದ್ದು ಎಂಆರ್ 30 ಮಿ.ಗ್ರಾಂ. ‘80ರ ಬದಲು 30 ಕೊಟ್ಟು ಮೋಸ ಮಾಡಿದರು’ ಎಂದು ಎರಡೆರಡು ನುಂಗಿದರೆ ಶುಗರ್ ಪಾತಾಳಕ್ಕಿಳಿಯುತ್ತದೆ. ಅಂದ ಹಾಗೆ, ಎಕ್ಸ್‌ಆರ್ ಮಾತ್ರೆಯ ಮೆತ್ತಗಾದ ಖಾಲಿ ಸಿಪ್ಪೆ ಮಲದಲ್ಲಿ ಕಂಡರೆ ಗಾಬರಿ ಬೇಡ. ಒಳಗಿನ ಔಷಧ ಆಗಲೇ ಮೈಗೆ ಸೇರಿರುತ್ತದೆ.

ನಾಲ್ಕನೆಯದು ಜೋಡಿ ಮಾತ್ರೆ. 2/500 ಎಂದಿದ್ದರೆ ಗ್ಲಿಮೆಪಿರೈಡ್ 2, ಮೆಟ್‌ಫಾರ್ಮಿನ್ 500 ಎಂದಿರಬಹುದು. ಆದರೆ ಬ್ರಾಂಡ್ ಹೆಸರಿನ ಬಾಲದಲ್ಲಿರುವ ಎಂ, ಜಿ, ವಿ, ಫೋರ್ಟೆಗಳಿಗೆ ಕಂಪನಿಗೊಂದು ಅರ್ಥ. ಬಾಲ ನೋಡಿ ಊಹಿಸಬೇಡಿ. ಒಳಗಿರುವ ಪ್ರತಿ ಔಷಧವನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಒಂದೇ ಹೆಸರು ಎರಡು ಸಾಲಿನಲ್ಲಿ ಬಂತೋ, ವೈದ್ಯರಿಗೆ ತೋರಿಸುವ ಮೊದಲ ಸಂಗತಿ ಅದೇ.

ಹೆಜ್ಜೆ 3: ಪಟ್ಟಿ ಹಿಡಿದು ವೈದ್ಯರ ಬಳಿ ಹೋಗಿ

‘ಅಗ್ಗದ್ದು ಬರೆದುಕೊಡಿ’ ಎಂದರೆ ಅರ್ಧ ನಿಮಿಷದಲ್ಲಿ ಮಾತು ಮುಗಿದುಹೋಗುತ್ತದೆ. ಬದಲಿಗೆ ಮೂರು ಪ್ರಶ್ನೆ ಕೇಳಿ.

ಇದೇ ಔಷಧ ಜೆನೆರಿಕ್‌ನಲ್ಲಿ, ಅಂದರೆ ಪೇಟೆಂಟ್ ಮುಗಿದ ಮೇಲೆ ಬೇರೆ ಕಂಪನಿಗಳು ತಯಾರಿಸುವ ರೂಪದಲ್ಲಿ, ಬಂದಿದೆಯೇ? ಮೆಟ್‌ಫಾರ್ಮಿನ್ 1957ರಿಂದ ಬಳಕೆಯಲ್ಲಿದೆ, ಅದರ ಮೇಲೆ ಬ್ರಾಂಡಿನ ದುಡ್ಡು ಸುರಿಯಲು ನನಗಂತೂ ಕಾರಣವೇ ಕಾಣುವುದಿಲ್ಲ. ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಡಪಾಗ್ಲಿಫ್ಲೋಜಿನ್‌ಗಳ ಮೂಲ ಪೇಟೆಂಟ್ ಅನೇಕ ದೇಶಗಳಲ್ಲಿ ಮುಗಿದಿದೆ. ‘ಜೆನೆರಿಕ್‌ನಲ್ಲಿ ಔಷಧ ಶೇ 20 ಕಡಿಮೆ ಇರುತ್ತದಂತೆ’ ಎಂಬ ಮಾತನ್ನು ನಂಬಬೇಡಿ. ರಕ್ತಕ್ಕೆ ಸೇರುವ ಔಷಧವನ್ನು ಅಳೆದು ಮೂಲದೊಂದಿಗೆ ಹೋಲಿಸುವ ಪರೀಕ್ಷೆಯಲ್ಲಿ, ಲೆಕ್ಕದ ಅನಿಶ್ಚಿತತೆಯ ಇಡೀ ವ್ಯಾಪ್ತಿ ಶೇ 80ರಿಂದ 125ರೊಳಗೆ ಬೀಳಬೇಕು ಎಂಬುದು ನಿಯಮ. ಹಾಗೆ ಬೀಳಬೇಕಾದರೆ ಸರಾಸರಿ 100ರ ಆಸುಪಾಸಿನಲ್ಲೇ ಇರಬೇಕಾಗುತ್ತದೆ.

ಜೆನೆರಿಕ್ ಇಲ್ಲದಿದ್ದರೆ, ಅದೇ ಗುಂಪಿನ ಬೇರೆ ಔಷಧ ಆಗುತ್ತದೆಯೇ? ಇದನ್ನು ನೀವಾಗಿಯೇ ಮಾಡಬಾರದು. ಒಂದೇ ‘ಗ್ಲಿಪ್ಟಿನ್’ ಗುಂಪಿನವಾದರೂ ಸಿಟಾಗ್ಲಿಪ್ಟಿನ್ 100 ದಿನಕ್ಕೊಮ್ಮೆ, ವಿಲ್ಡಾಗ್ಲಿಪ್ಟಿನ್ 50 ಸಾಮಾನ್ಯವಾಗಿ ದಿನಕ್ಕೆರಡು ಬಾರಿ, ಲಿನಾಗ್ಲಿಪ್ಟಿನ್ 5 ದಿನಕ್ಕೊಮ್ಮೆ. ಮೂತ್ರಪಿಂಡ ಸೊರಗಿದ್ದರೆ ಸಿಟಾಗ್ಲಿಪ್ಟಿನ್ ಪ್ರಮಾಣ ಇಳಿಸಬೇಕು, ಲಿನಾಗ್ಲಿಪ್ಟಿನ್‌ಗೆ ಅದು ಬೇಕಿಲ್ಲ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ಗಳನ್ನು ಹೃದಯಕ್ಕೋ ಮೂತ್ರಪಿಂಡಕ್ಕೋ ಎಂದು ಕೊಟ್ಟಿದ್ದರೆ, ಅವುಗಳ ಜಾಗಕ್ಕೆ ಅಗ್ಗದ ಗ್ಲಿಮೆಪಿರೈಡ್ ಬಂದು ಕೂರಲಾರದು. ಶುಗರ್ ಇಳಿದೀತು, ಉಳಿದ ಲಾಭ ಸಿಗದು.

ಇವುಗಳಲ್ಲಿ ಬಿಡಬಹುದಾದದ್ದು ಯಾವುದಾದರೂ ಇದೆಯೇ? ಅನೇಕರು ಕೇಳದ, ಆದರೆ ಹೆಚ್ಚು ಉಳಿಸುವ ಪ್ರಶ್ನೆ ಇದು. ಸೆಮಗ್ಲುಟೈಡ್ ಅಥವಾ ಲಿರಗ್ಲುಟೈಡ್ ಎಂಬ ಶುಗರ್ ಔಷಧ ಶುರುವಾದ ಮೇಲೂ ಹಳೆಯ ಗ್ಲಿಪ್ಟಿನ್ ಮಾತ್ರೆ ಚೀಟಿಯಿಂದ ಚೀಟಿಗೆ ಸುಮ್ಮನೆ ಸಾಗಿ ಬರುವುದುಂಟು. ಎರಡೂ ಒಂದೇ ಹಾದಿಯಲ್ಲಿ ಕೆಲಸ ಮಾಡುವುದರಿಂದ ಜೊತೆಗೆ ತೆಗೆದುಕೊಂಡರೆ ಹೇಳಿಕೊಳ್ಳುವ ಹೆಚ್ಚಿನ ಲಾಭವಿಲ್ಲ. ಚಿಕಿತ್ಸಾ ಮಾರ್ಗಸೂಚಿಗಳೂ ಬೇಡವೆನ್ನುತ್ತವೆ.

ಹೆಜ್ಜೆ 4: ದಿನದ ಲೆಕ್ಕ ಹಾಕಿ

ಸ್ಟ್ರಿಪ್ಪಿನ ಬೆಲೆ ಹೋಲಿಸಬೇಡಿ. ಒಂದರಲ್ಲಿ 10, ಇನ್ನೊಂದರಲ್ಲಿ 14, ಮತ್ತೊಂದರಲ್ಲಿ 15 ಮಾತ್ರೆ. ಬೆಲೆಯನ್ನು ಮಾತ್ರೆಗಳ ಸಂಖ್ಯೆಯಿಂದ ಭಾಗಿಸಿ, ದಿನಕ್ಕೆಷ್ಟು ಮಾತ್ರೆಯೋ ಅದರಿಂದ ಗುಣಿಸಿ. ಜೋಡಿ ಮಾತ್ರೆಯ ಬದಲು ಎರಡನ್ನೂ ಬಿಡಿಬಿಡಿಯಾಗಿ ಕೊಂಡರೆ ಎಷ್ಟಾಗುತ್ತದೆ ಎಂಬುದನ್ನೂ ಒಮ್ಮೆ ನೋಡಿ. ಕಂಪನಿ ಕೊಡುವ ರಿಯಾಯಿತಿ ಕಾರ್ಡಿದ್ದರೆ ಅದು ಯಾವತ್ತಿಗೆ ಮುಗಿಯುತ್ತದೆ ಎಂದು ಮೊದಲೇ ಕೇಳಿಕೊಳ್ಳಿ.

ಇನ್ಸುಲಿನ್ ಲೆಕ್ಕವೇ ಬೇರೆ. ಪ್ರತಿ ಮಿ.ಲೀ.ಗೆ 100 ಯೂನಿಟ್ ಇರುವ 10 ಮಿ.ಲೀ. ಬಾಟಲಿಯಲ್ಲಿ 1000 ಯೂನಿಟ್. ಯೂನಿಟ್ ಲೆಕ್ಕದಲ್ಲಿ ಬಾಟಲಿಯೇ ಅಗ್ಗ ಎಂದು ಕೊಳ್ಳುತ್ತಾರೆ. ಆದರೆ ಗ್ಲಾರ್ಜಿನ್‌ನಂಥ ಇನ್ಸುಲಿನ್ ತೆರೆದ ಮೇಲೆ 28 ದಿನಕ್ಕೆ ಎಸೆಯಬೇಕು. ದಿನಕ್ಕೆ 12 ಯೂನಿಟ್ ಹಾಕಿಕೊಳ್ಳುವವರು ಅಷ್ಟು ದಿನಗಳಲ್ಲಿ ಬಳಸುವುದು 336. ಉಳಿದ 664 ಯೂನಿಟ್ ಕಸದ ಬುಟ್ಟಿಗೆ. ಅವರಿಗೆ ಪೆನ್ನಿಗೆ ಹಾಕುವ 300 ಯೂನಿಟ್‌ನ 3 ಮಿ.ಲೀ. ಕಾರ್ಟ್ರಿಜ್ ಹೆಚ್ಚೆಂದರೆ 25 ದಿನ ಬರುತ್ತದೆ, ಹೆಚ್ಚೇನೂ ಪೋಲಾಗದು. ದಿನಕ್ಕೆ 35 ಯೂನಿಟ್ ದಾಟಿದವರಿಗೆ ಬಾಟಲಿ ಸರಿ. ಬಾಟಲಿಗೆ ಬದಲಾದರೆ ಸಿರಿಂಜ್ ಮೇಲಿನ ಅಂಕಿ ನೋಡಲೇಬೇಕು: ಮಿ.ಲೀ.ಗೆ 100 ಯೂನಿಟ್‌ನ ಇನ್ಸುಲಿನ್ನನ್ನು, ಮಿ.ಲೀ.ಗೆ 40 ಯೂನಿಟ್‌ನ ಇನ್ಸುಲಿನ್ನಿಗೆಂದು ಗೆರೆ ಹಾಕಿದ ಸಿರಿಂಜಿನಲ್ಲಿ ಎಳೆದರೆ ಒಳಗೆ ಹೋಗುವುದು ಎರಡೂವರೆ ಪಟ್ಟು. ಇದರಿಂದ ಜೀವಕ್ಕೇ ಕುತ್ತು ಬರಬಹುದು. ಗ್ಲಾರ್ಜಿನ್‌ಗೆ ಬಯೋಸಿಮಿಲರ್‌ಗಳೂ (ಮೂಲದ್ದಕ್ಕೆ ತೀರಾ ಹತ್ತಿರವಾಗಿ ಬೇರೆ ಕಂಪನಿಗಳು ತಯಾರಿಸಿದವು) ಇವೆ, ಕೇಳಿ ನೋಡಿ.

ಅಡ್ಡದಾರಿಗಳು

ದೊಡ್ಡ ಮಾತ್ರೆ ಕೊಂಡು ಅರ್ಧ ಮಾಡಿಕೊಳ್ಳುವುದು ಕೆಲವಕ್ಕೆ ನಡೆಯುತ್ತದೆ. ನಡುವೆ ಗೆರೆಯಿರುವ ಸಾದಾ ಮಾತ್ರೆಯಾದರೆ, ವೈದ್ಯರು ಒಪ್ಪಿದರೆ ಮಾಡಿ. ಅಡುಗೆಮನೆಯ ಚಾಕು ಬೇಡ, ಮಾತ್ರೆ ಕತ್ತರಿಸುವ ಡಬ್ಬಿ ತನ್ನಿ. ನಿಧಾನ ಬಿಡುಗಡೆಯ ಮಾತ್ರೆಗಳನ್ನು ಅಗಿಯಬಾರದು, ಪುಡಿ ಮಾಡಬಾರದು. ಸೆಮಗ್ಲುಟೈಡ್ ಮಾತ್ರೆಯನ್ನಂತೂ ತುಂಡು ಮಾಡಲೇಬಾರದು. ಅದರಲ್ಲಿ ರಕ್ತಕ್ಕೆ ಸೇರುವುದೇ ಶೇ 1ರಷ್ಟು ಅಥವಾ ಅದಕ್ಕೂ ಕಡಿಮೆ. ಖಾಲಿ ಹೊಟ್ಟೆ, 120 ಮಿ.ಲೀ. ಮೀರದ ನೀರು, ಆಮೇಲೆ ಅರ್ಧ ಗಂಟೆ ಏನೂ ಇಲ್ಲ. ಕಾಫಿಯ ಜೊತೆ ನುಂಗಿದರೆ ಆ ದಿನದ ದುಡ್ಡು ಹೋಯಿತೆಂದೇ ಲೆಕ್ಕ.

ದಿನ ಬಿಟ್ಟು ದಿನ ನುಂಗುವುದು ಉಳಿತಾಯವಲ್ಲ. ‘ಶುಗರ್ ಪೂರ್ತಿ ಹೋಗುತ್ತದೆ’ ಎನ್ನುವ ಗಿಡಮೂಲಿಕೆ ಪುಡಿಗಳನ್ನು ಮುಟ್ಟಬೇಡಿ. ಅಂಥವುಗಳಲ್ಲಿ ಗುಟ್ಟಾಗಿ ಬೆರೆಸಿದ ಗ್ಲಿಬೆನ್‌ಕ್ಲಮೈಡ್ ಎಂಬ ಶುಗರ್ ಇಳಿಸುವ ಔಷಧ ಪರೀಕ್ಷೆಗಳಲ್ಲಿ ಹಲವು ಸಲ ಸಿಕ್ಕಿಬಿದ್ದಿದೆ. ಜಾಲತಾಣಗಳಲ್ಲಿ ಚೀಟಿ ಕೇಳದೆ ಮಾರುವ ಸೆಮಗ್ಲುಟೈಡ್ ಪೆನ್ನುಗಳೂ ಬೇಡ; ನಕಲಿಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2024ರ ಜೂನ್‌ನಲ್ಲೇ ಎಚ್ಚರಿಕೆ ಹೊರಡಿಸಿದೆ.

ಹೆಜ್ಜೆ 5: ಬದಲಾಯಿಸಿದ ಮೇಲೆ

ಒಂದೇ ಸಲಕ್ಕೆ ಎಲ್ಲವನ್ನೂ ಬದಲಿಸಬೇಡಿ. ಒಂದು ಮಾತ್ರೆ ಬದಲಿಸಿ, ಎರಡು ವಾರ ಖಾಲಿ ಹೊಟ್ಟೆಯ ಶುಗರ್ ಬರೆದಿಡಿ, ಆಮೇಲೆ ಇನ್ನೊಂದು. ಎಚ್‌ಬಿಎ1ಸಿ ಪರೀಕ್ಷೆಯನ್ನು ಮೂರು ತಿಂಗಳಿಗೆ ಮಾಡಿಸಿ. ಅದು ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಹೇಳುವುದರಿಂದ, ಹದಿನೈದೇ ದಿನಕ್ಕೆ ಮಾಡಿಸಿದರೆ ಹಳೆಯ ಮಾತ್ರೆಯ ಫಲವೇ ಹೆಚ್ಚಾಗಿ ಕಾಣುತ್ತದೆ. ಹೊಸ ಸ್ಟ್ರಿಪ್ ಡಬ್ಬಿಗೆ ಹಾಕುವ ದಿನವೇ ಹಳೆಯದನ್ನು ಅಲ್ಲಿಂದ ತೆಗೆದುಬಿಡಿ. ಮಾತ್ರೆ ಎಣಿಸಿಕೊಡುವವರು ಮನೆಯಲ್ಲಿ ಬೇರೆಯವರಾಗಿದ್ದರೆ, ಅವರಿಗೆ ಎರಡನ್ನೂ ಕೈಯಲ್ಲಿ ಹಿಡಿದು ತೋರಿಸಿ ಹೇಳಿ.