ನೀಲಿ ಬಂತು, ಕೆಂಪು ಬರಲಿಲ್ಲ

ಮುಂಬೈನ ಉಪನಗರದ ಒಂದು ಕಾಲೇಜಿನಲ್ಲಿ ನಾನು ಲ್ಯಾಬ್ ಸಹಾಯಕ. ಮಕ್ಕಳಿಗೆ ಬೇಕಾದ ದ್ರಾವಣಗಳನ್ನು ತಯಾರು ಮಾಡಿಡುವುದು ನನ್ನ ಕೆಲಸ. ಅವುಗಳಲ್ಲಿ ನನಗೆ ಜಾಸ್ತಿ ಇಷ್ಟ ಬೆನೆಡಿಕ್ಟ್ ದ್ರಾವಣ. ಗ್ಲೂಕೋಸ್ ಇದೆಯಾ ಎಂದು ನೋಡಲು ಬಳಸುವ ನೀಲಿ ನೀರು ಅದು. ಗ್ಲೂಕೋಸ್ ಇದ್ದರೆ ಕುದಿಸಿದಾಗ ಕೆಂಪಾಗುತ್ತದೆ.

ಒಂದು ಲೀಟರಿಗೆ ಸೋಡಿಯಂ ಸಿಟ್ರೇಟ್ 173 ಗ್ರಾಂ, ನೀರಿನಂಶವಿಲ್ಲದ ಸೋಡಿಯಂ ಕಾರ್ಬೊನೇಟ್ 100 ಗ್ರಾಂ, ಮೈಲುತುತ್ತ (ತಾಮ್ರದ ಸಲ್ಫೇಟ್) 17.3 ಗ್ರಾಂ. ಮೊದಲಿನ ಎರಡನ್ನು ಬಿಸಿ ನೀರಿನಲ್ಲಿ ಕರಗಿಸಿ ಸೋಸುತ್ತೇನೆ. ಮೈಲುತುತ್ತವನ್ನು ಬೇರೆ ಕರಗಿಸಿಕೊಂಡು, ಕಲಕುತ್ತಾ ನಿಧಾನವಾಗಿ ಸುರಿಯುತ್ತೇನೆ. ಕೊನೆಗೆ ನೀರು ಸೇರಿಸಿ ಒಂದು ಲೀಟರ್ ಮಾಡುತ್ತೇನೆ.

ನಮ್ಮದು ಅಡಿಕೆ ತೋಟದ ಮನೆ. ಕೊಳೆರೋಗಕ್ಕೆ ಅಪ್ಪ ಮೈಲುತುತ್ತಕ್ಕೆ ಸುಣ್ಣ ಸೇರಿಸಿ ಬೋರ್ಡೋ ಮಾಡುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟರೆ ನೀಲಿಯೆಲ್ಲ ಬುಡದಲ್ಲಿ ಕೂರುತ್ತಿತ್ತು. ಸೋಡಿಯಂ ಕಾರ್ಬೊನೇಟಿಗೆ ತಾಮ್ರ ಬಿದ್ದರೂ ಹಾಗೆಯೇ ಗಷ್ಟು ಆಗಬೇಕು. ಬೆನೆಡಿಕ್ಟ್‌ನಲ್ಲಿ ಆಗುವುದಿಲ್ಲ, ಯಾಕೆಂದರೆ ಸಿಟ್ರೇಟ್ ತಾಮ್ರವನ್ನು ಹಿಡಿದುಕೊಂಡಿರುತ್ತದೆ. ಸಿಟ್ರೇಟಿಗೆ ಮೂರು ಆಮ್ಲದ ತುದಿಗಳು, ನಡುವೆ ಒಂದು ಹೈಡ್ರಾಕ್ಸಿಲ್. ಒಂದಕ್ಕಿಂತ ಹೆಚ್ಚು ಕಡೆಯಿಂದ ಅದು ತಾಮ್ರವನ್ನು ಕಚ್ಚಿ ಹಿಡಿಯುತ್ತದೆ. ಒಂದು ತಾಮ್ರಕ್ಕೆ ಎಂಟಕ್ಕೂ ಹೆಚ್ಚು ಸಿಟ್ರೇಟ್ ಇರುವುದರಿಂದ ತಾಮ್ರಕ್ಕೆ ತಪ್ಪಿಸಿಕೊಳ್ಳಲು ಜಾಗವೇ ಇರುವುದಿಲ್ಲ.

ಒಂದು ಜುಲೈನಲ್ಲಿ ಸೋಡಿಯಂ ಸಿಟ್ರೇಟ್ ಮುಗಿದಿತ್ತು. ಮಳೆಗೆ ಲೋಕಲ್ ರೈಲು ನಿಂತು, ಪ್ರಿನ್ಸೆಸ್ ಸ್ಟ್ರೀಟಿಗೆ ಹೋಗಿ ತರುವಂತಿರಲಿಲ್ಲ. ಕಪಾಟಿನಲ್ಲಿ ಸಿಟ್ರಿಕ್ ಆಮ್ಲ ಇತ್ತು, ಅದೇ ನಮ್ಮ ನಿಂಬೆ ಉಪ್ಪು. ಸಿಟ್ರೇಟ್ ಸಿಕ್ಕಿದರೆ ಆಯಿತಲ್ವಾ ಎಂದುಕೊಂಡೆ. 173 ಗ್ರಾಮಿಗೆ ಸಮನಾಗಿ 124 ಗ್ರಾಂ ತೂಗಿದೆ. ಕಾರ್ಬೊನೇಟ್ ಮಾತ್ರ ಎಂದಿನ 100 ಗ್ರಾಂ. ಬೀಕರಿನಲ್ಲಿ ನೊರೆ ಉಕ್ಕಿ ಬಂತು. ಆದರೂ ಕೊನೆಗೆ ದ್ರಾವಣ ತಿಳಿಯಾಗಿ, ಚೆನ್ನಾಗಿ ನೀಲಿಯಾಯಿತು. ನೆಮ್ಮದಿಯಿಂದ ಬಾಟಲಿಗೆ ಹಾಕಿದೆ.

ಮರುದಿನ ಪ್ರಾಕ್ಟಿಕಲ್ ಮಧ್ಯೆ ಉಡುಪಿ ಕಡೆಯ ಹುಡುಗನೊಬ್ಬ ಬಂದ. "ಅಣ್ಣಾ, ನೀಲಿ ಸರಿ ಉಂಟು. ಎಷ್ಟು ಕುದಿಸಿದ್ರೂ ಕೆಂಪು ಬರ್ತಾ ಇಲ್ಲ."

ಬೇರೆ ಬೆಂಚುಗಳಲ್ಲೂ ಅದೇ ಕಥೆ. ಆ ಬ್ಯಾಚಿನ ಹೊತ್ತೆಲ್ಲ ಹಾಳಾಯಿತು, ನನಗೆ ತುಂಬಾ ಬೇಸರವಾಯಿತು. ಸಂಜೆ ಕಾಗದ ಹಿಡಿದು ಕೂತಾಗ ತಪ್ಪು ಸಿಕ್ಕಿತು. ಸಿಟ್ರಿಕ್ ಆಮ್ಲದ ಮೂರು ತುದಿಗಳಲ್ಲೂ ಹೈಡ್ರೋಜನ್ ಕೂತಿರುತ್ತದೆ. ಅವು ಬಿಟ್ಟುಹೋಗುವುದು ಒಂದೊಂದಾಗಿ, ಸುಮಾರು ಪಿಎಚ್ 3.1, 4.8, 6.4ರ ಆಸುಪಾಸಿನಲ್ಲಿ. ಅವು ಎದ್ದರೇನೇ ತಾಮ್ರಕ್ಕೆ ಪೂರ್ತಿ ಜಾಗ. ಅವನ್ನು ಎಬ್ಬಿಸುವ ಕೆಲಸಕ್ಕೇ ನನ್ನ ಕಾರ್ಬೊನೇಟಿನಲ್ಲಿ ಸುಮಾರು 94 ಗ್ರಾಂ ಖರ್ಚಾಗಿತ್ತು! ಉಳಿದದ್ದು ಆರೇ ಗ್ರಾಂ. ಹೈಡ್ರೋಜನ್ ಎದ್ದುಹೋದ ಸಿಟ್ರೇಟ್ ತಾಮ್ರವನ್ನು ಹಿಡಿದುಕೊಂಡಿತ್ತು, ಅದಕ್ಕೇ ನೀಲಿ ಬಂದದ್ದು. ಆದರೆ ಗ್ಲೂಕೋಸ್ ಕೆಲಸ ಮಾಡಲು ಒಳ್ಳೆಯ ಕ್ಷಾರ ಬೇಕು. ಅದೇ ಇರಲಿಲ್ಲ.

ಮತ್ತೆ ಮಾಡಿದೆ. ನಿಂಬೆ ಉಪ್ಪು 124 ಗ್ರಾಂ, ಕಾರ್ಬೊನೇಟ್ 194 ಗ್ರಾಂ. ನೊರೆ ಉಕ್ಕದಂತೆ ದೊಡ್ಡ ಬೀಕರಿನಲ್ಲಿ ಚಮಚ ಚಮಚವಾಗಿ ಹಾಕಿದೆ. ನೊರೆ ಪೂರ್ತಿ ನಿಂತ ಮೇಲೆಯೇ ತಾಮ್ರ.

5 ಮಿಲಿಗೆ ಎಂಟು ಹನಿ ಗ್ಲೂಕೋಸ್ ನೀರು ಹಾಕಿ ಎರಡು ನಿಮಿಷ ಕುದಿಸಿದೆ. ಮೊದಲು ಹಸಿರು, ಆಮೇಲೆ ಹಳದಿ, ಕೊನೆಗೆ ಇಟ್ಟಿಗೆ ಕೆಂಪು. ಗ್ಲೂಕೋಸಿನಿಂದ ತಾಮ್ರ ಒಂದು ಎಲೆಕ್ಟ್ರಾನ್ ಪಡೆದರೆ ಸಿಟ್ರೇಟಿನ ಹಿಡಿತ ಸಡಿಲಾಗುತ್ತದೆ. ಆಗ ಅದು ಕೆಂಪು ಆಕ್ಸೈಡ್ ಆಗಿ ಕೆಳಗೆ ಬೀಳುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗುವುದಿಲ್ಲ.

ಈಗ ಸಿಟ್ರಿಕ್ ಆಮ್ಲದ ಬಾಟಲಿಯ ಮೇಲೆ ಕೆಂಪು ಪೆನ್ನಿನಲ್ಲಿ ಬರೆದಿದ್ದೇನೆ: "ಸಿಟ್ರೇಟ್ ಬದಲಿಗೆ ಹಾಕಿದರೆ ಕಾರ್ಬೊನೇಟ್ 94 ಗ್ರಾಂ ಜಾಸ್ತಿ."