ಪಟ್ಟೆ ಮರಿ ನೋಡಿ ತಿಂಗಳು ಲೆಕ್ಕ ಹಾಕಿದ್ದು

ಶಿರಸಿ ಸೀಮೆಯ ನಮ್ಮ ಅಡಿಕೆ ತೋಟಕ್ಕೆ ಹೊಂದಿಕೊಂಡೇ ಸೊಪ್ಪಿನ ಬೆಟ್ಟ, ತೋಟಕ್ಕೆ ಸೊಪ್ಪು ಕಡಿದು ತರುವ ಕಾಡು. ಕಾಡುಹಂದಿಗೆ ಬೆದೆ ಯಾವಾಗ ಎಂದು ತಿಳಿಯುವ ಹಟ ಹಿಡಿದಾಗ ಓದಲು ಸಿಕ್ಕಿದ್ದೆಲ್ಲ ಯುರೋಪಿನ ಸಂಗತಿ. ಅಲ್ಲಿ ಚಳಿಗಾಲದ ರಾತ್ರಿ ಉದ್ದವಾದಂತೆ ಮೆದುಳಿನ ಪೀನಿಯಲ್ ಗ್ರಂಥಿ ಹೆಚ್ಚು ಹೊತ್ತು ಮೆಲಟೋನಿನ್ ಎಂಬ ಕತ್ತಲೆಯ ಹಾರ್ಮೋನನ್ನು ಸ್ರವಿಸುತ್ತದೆ. ಅದರ ಸುದ್ದಿ ಮೆದುಳಿಗೆ ಮುಟ್ಟಿ, ಅಂಡಾಶಯವನ್ನು ಪ್ರಚೋದಿಸುವ ಎಲ್‌ಎಚ್ ಎಂಬ ಹಾರ್ಮೋನ್ ಏರುತ್ತದೆ, ಅಂಡಾಶಯ ಎಚ್ಚರಗೊಳ್ಳುತ್ತದೆ. ನವೆಂಬರ್‌ನಿಂದ ಜನವರಿವರೆಗೆ ಬೆದೆ, ಮಾರ್ಚ್‌ನಿಂದ ಮರಿ. ಅದನ್ನೇ ನಂಬಿ ಮಾರ್ಚ್‌ನಲ್ಲಿ ಕ್ಯಾಮೆರಾ ಕಟ್ಟಿದೆ. ಏಪ್ರಿಲ್ ಮುಗಿದರೂ ಒಂದು ಮರಿ ಕಾಣಲಿಲ್ಲ.

ಕ್ಯಾಮೆರಾ ಬಿಚ್ಚಲಿಲ್ಲ. ಹಂದಿ ದಾಟುವ ಜಾಗದ ಗಡಿಕಲ್ಲಿಗೆ ಸುಣ್ಣದಲ್ಲಿ ಗೇಣಿನ ಗುರುತು ಹಾಕಿದೆ, ಮರಿಯ ಎತ್ತರ ತಿಳಿಯಲು. ಎಳೆ ಮರಿಯ ಮೈಮೇಲೆ ಕಂದು ಪಟ್ಟೆ ಗೆರೆ ಎಳೆದಂತಿರುತ್ತದೆ. ನಾಲ್ಕೈದು ತಿಂಗಳಿಗೆ ಮಾಸುತ್ತದೆ. ಎತ್ತರ, ಪಟ್ಟೆ ಎರಡನ್ನೂ ನೋಡಿ ಹುಟ್ಟಿದ ವಾರ ಅಂದಾಜು ಮಾಡಿ, ಗಬ್ಬದ 115 ದಿನ ಹಿಂದಕ್ಕೆ ಎಣಿಸುತ್ತಿದ್ದೆ.

ಮೂರು ವರ್ಷದಲ್ಲಿ ಹೆಚ್ಚಿನ ಮರಿಗಳು ಎರಡು ಹೊತ್ತಿಗೆ ಬಂದವು: ಮಳೆ ಹಿಡಿಯುವ ಮೊದಲು ಮೇ ಕೊನೆಗೆ, ಮಳೆ ಬಿಟ್ಟ ಮೇಲೆ ಅಕ್ಟೋಬರ್ ಕೊನೆಗೆ. ಹಿಂದಕ್ಕೆ ಎಣಿಸಿದರೆ ಬೆದೆ ಜನವರಿ ಕೊನೆ ಮತ್ತು ಜುಲೈ ಮೊದಲಿಗೆ ಬೀಳುತ್ತದೆ. ಒಂದು, ಗದ್ದೆ ಕೊಯ್ಲಿನ ಭತ್ತ ತಿಂದು ಮೈ ತುಂಬಿಕೊಂಡ ಮೇಲೆ; ಇನ್ನೊಂದು, ಹಲಸು ಉದುರಿ, ನೆಲ ಮೆತ್ತಗಾಗಿ ಎರೆಹುಳ ಸಿಗುವಾಗ. ನಮ್ಮಲ್ಲಿ ವರ್ಷದ ಉದ್ದದ ಹಗಲಿಗೂ ಗಿಡ್ಡ ಹಗಲಿಗೂ ಎರಡು ಗಂಟೆಯ ಅಂತರವೂ ಇಲ್ಲ. ಮಧ್ಯ ಯುರೋಪಿನಲ್ಲಿ ಅದು 8 ಗಂಟೆಯಷ್ಟು. ಹಾಗಾಗಿ ಇಲ್ಲಿ ಕತ್ತಲೆಗಿಂತ ಹೊಟ್ಟೆಯ ಮಾತೇ ಹೆಚ್ಚು ನಡೆಯುತ್ತದೆ ಎಂದು ನನ್ನ ಎಣಿಕೆ. ಯುರೋಪಿನಲ್ಲೂ ಓಕ್ ಕಾಯಿ ಹೇರಳವಾದ ವರ್ಷ ಬೆದೆ ಬೇಗ ಬರುತ್ತದೆ.

ಇನ್ನೊಂದು ಮಾತು ನಮ್ಮವರಿಗೆ ಗೊತ್ತಿರಬೇಕು. ಮರಿ ಮೊಲೆ ಚೀಪುವಷ್ಟು ದಿನ ತಾಯಿಯ ಬೆದೆ ತಡೆದಿರುತ್ತದೆ, ಆಗ ಹಾಲು ಬರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನ್ ಏರಿರುತ್ತದೆ. ಮರಿ ಹೋದರೆ ಆ ತಡೆಯೂ ಹೋಗುತ್ತದೆ. ಮರಿ ತೆಗೆದರೆ ಹಂದಿ ಕಡಿಮೆಯಾಯಿತು ಎಂದುಕೊಳ್ಳುವವರು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ನನ್ನ ಲೆಕ್ಕಕ್ಕೆ ಮೊದಲ ಸಾಕ್ಷಿ ಕ್ಯಾಮೆರಾ ಅಲ್ಲ, ಪಕ್ಕದ ಮನೆಯ ಮಾವ. ಮೇ ತಿಂಗಳ ಒಂದು ಬೆಳಿಗ್ಗೆ, "ಆ ಬದಿಗೆ ಹೋಗಡ ತಮಾ, ಹಂದಿ ಸೊಪ್ಪು ಹೊರ್ತಾ ಇದ್ದು" ಎಂದರು. ಮರಿ ಹಾಕುವ ಮೊದಲು ತಾಯಿಹಂದಿ ಸೊಪ್ಪು ಹೊತ್ತು ತಂದು ಗೂಡು ಮಾಡುತ್ತದೆ. ವಾರದ ಮೇಲೆ ಕ್ಯಾಮೆರಾದಲ್ಲಿ ಐದು ಮರಿ, ಗುರುತಿನ ಮೊದಲ ಗೇಣಿಗಿಂತ ಕೆಳಗೇ. ಅಂದಿನಿಂದ ಮೇ ಕೊನೆಗೆ ಆ ಇಳಿಜಾರಿನಲ್ಲಿ ಸೊಪ್ಪು ಕಡಿಸುವುದಿಲ್ಲ.